ಅರ್ಧ ಗಂಟೆ ನಿಂತ ಮಗ್ಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದೆ. ಪಕ್ಕದ ಮನೆಯ ಸುಧಕ್ಕ ಗೋಡೆಯಾಚೆಯಿಂದ ಕೂಗಿದರು: "ತಮ್ಮಾ, ಅರ್ಧ ಗಂಟೆ ಮಗ್ಗ ನಿಲ್ಸಪ್ಪ, ಮೀಟಿಂಗ್ ಐತೆ."

ಅವರು ಬೆಂಗಳೂರಿನ ಕಂಪನಿಯ ಕೆಲಸವನ್ನು ಮೊಳಕಾಲ್ಮೂರಿನ ಮನೆಯಿಂದಲೇ ಮಾಡುತ್ತಾರೆ. ನಿಲ್ಲಿಸಿದೆ. ಗೋಡೆ ತೆಳ್ಳಗಿದೆ, ಎಲ್ಲವೂ ಕೇಳಿಸಿತು.

"ಕೂಸಿಗಿನ್ನೂ ಎಂಟು ತಿಂಗಳು ಸಾರ್, ಇಲ್ಲಿಂದ್ಲೇ ಮಾಡ್ತೀನಿ."

"ಮನೆಯಲ್ಲಿ ಕೆಲಸ ಆಗಲ್ಲಮ್ಮ. ಸೋಮವಾರದಿಂದ ಆಫೀಸಿಗೆ ಬನ್ನಿ" ಎಂದರು ಆ ಕಡೆಯ ಸಾಹೇಬರು.

ರೇಷ್ಮೆ ಎಳೆ ಸುತ್ತುತ್ತಿದ್ದ ಅವ್ವ ನನ್ನತ್ತ ತಿರುಗಿದಳು. "ಮನೇಲಿ ಕೆಲಸ ಆಗಲ್ವಂತೆ, ಕೇಳ್ದೇನೋ? ನಿಮ್ಮ ತಾತ ಸಾಯೋವರ್ಗೂ ಯಾವ ಆಫೀಸಿಗೆ ಹೋಗಿದ್ದ?"

ಸ್ವಲ್ಪ ಹೊತ್ತಿಗೆ ಸುಧಕ್ಕನ ದನಿ ಬಂತು. "ಮೀಟಿಂಗ್ ಮುಗೀತು ತಮ್ಮಾ. ಇನ್ಮೇಲೆ ನಿಲ್ಸೋದು ಬ್ಯಾಡ."

ಮಗ್ಗ ಮತ್ತೆ ಶುರು ಮಾಡಿದೆ. ಸಾಹೇಬರ ಮಾತು ಪೂರ್ತಿ ಸುಳ್ಳಲ್ಲ. ಆ ಅರ್ಧ ಗಂಟೆ ನಮ್ಮ ಮನೆಯಲ್ಲಿ ನಿಜವಾಗಿಯೂ ಕೆಲಸ ಆಗಲಿಲ್ಲ.