ಬಾಣಂತಿಯ ಕಟ್ಟಿಗೆ

ನಾಗವ್ವಾ, ನಿನ್ನ ಅವ್ವನ ಕಿವಿ ಕೆಟ್ಟಿರಲಿಲ್ಲ. ನಿನ್ನ ಬಾಣಂತನಕ್ಕೆಂದು ಅವರು ಒಣಗಿಸಿಟ್ಟಿದ್ದ ಕಟ್ಟಿಗೆಯನ್ನು ಕದ್ದು ಉರಿಸಿದವಳು ನಾನು — ನಿನ್ನ ವೈನಿ, ನಿಮ್ಮಣ್ಣನ ಹೆಂಡತಿ. ತೆಗೆದ ಜಾಗದಲ್ಲಿ ಹಸಿ ಕಟ್ಟಿಗೆ ತುಂಬಿದವಳೂ ನಾನೇ. ನೀನೂ ನಿನ್ನ ಕೂಸೂ ಅಂದು ಸಾಯಬೇಕಾಗಿದ್ದುದು ನನ್ನಿಂದ.

ಬೆಂಗೇರಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರ ಕಟ್ಟಿಗೆಯ ಹುಚ್ಚು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ಸೀರೆ ಆರಿಸಲು ಅಷ್ಟು ಹೊತ್ತು ತೆಗೆದುಕೊಳ್ಳದ ಹೆಂಗಸು, ಕಟ್ಟಿಗೆಯ ಬಂಡಿ ಬಂತೆಂದರೆ ಒಂದೊಂದೇ ತುಂಡು ಎತ್ತಿ ನೋಡುವರು. ತುದಿ ಬಿರಿದಿದೆಯೇ, ತೊಗಟೆ ಸಡಿಲಾಗಿದೆಯೇ... ಕೊನೆಗೆ ಎರಡು ತುಂಡುಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿಯುವರು. ಒಣಗಿದ ಜಾಲಿ ಠಣ್ ಎನ್ನುತ್ತದಂತೆ, ಹಸಿಯದು ದಪ್ ಎನ್ನುತ್ತದಂತೆ. ನನಗೆ ಎರಡೂ ಒಂದೇ! ಅವರು ಮಾತ್ರ ಕಣ್ಣು ಮುಚ್ಚಿಕೊಂಡು, "ಇದಕ್ಕ ಇನ್ನೊಂದ ಬ್ಯಾಸಿಗಿ ಬೇಕವಾ," ಅಂದುಬಿಡುವರು. ಸೀಳಿ ನೋಡಿದರೆ ಒಳಗೆ ತೇವ. ಓಣಿಯಲ್ಲಿ ಯಾರ ಮನೆಯ ಬಾಣಂತನವಾದರೂ ಕಟ್ಟಿಗೆ ನೋಡಲು ಅವರನ್ನೇ ಕರೆಯುತ್ತಿದ್ದರು. ನಗುತ್ತಿದ್ದ ನಾನು ಎಷ್ಟು ಸಲ ಬಾಯಿ ತೆರೆದುಕೊಂಡು ನಿಂತಿದ್ದೇನೋ.

ನಿನ್ನ ಮದುವೆಯಾದ ವರ್ಷವೇ ಅವರು ಜಾಲಿ ಕಡಿಸಿ, ಸೀಳಿಸಿ, ಬೇಸಿಗೆಯಿಡೀ ಒಣಗಿಸಿ, ಒಂದೊಂದನ್ನೂ ಬಡಿದು ನೋಡಿ, ಹಿತ್ತಲ ಚಪ್ಪರದ ಕೆಳಗೆ ಗಾಳಿಯಾಡುವಂತೆ ಅಡ್ಡಡ್ಡ ಒಟ್ಟಿಸಿದರು. ಮಗಳ ಚೊಚ್ಚಲ ಬಾಣಂತನದ ಕಟ್ಟಿಗೆ ಅದು. ಮನೆಯ ಒಲೆಗೆ ಅದರ ಒಂದು ಸಿಬಿರೂ ಹೋಗುವಂತಿರಲಿಲ್ಲ.

ನೀನು ಬಸುರಿಯಾಗಿದ್ದ ಆ ಮಳೆಗಾಲ ಅಡುಗೆಯ ಕಟ್ಟಿಗೆಯೆಲ್ಲ ತೊಯ್ದು ಹೋಯಿತು. ಊದಿ ಊದಿ ನನ್ನ ಕಣ್ಣು ಕೆಂಪಾಗುತ್ತಿತ್ತು, ಅತ್ತ ನಿಮ್ಮಣ್ಣ ಕೆಲಸಕ್ಕೆ ಹೋಗುವ ಗಿರಣಿಯ ಭೋಂಗಾ ಕೂಗುತ್ತಿತ್ತು, ರೊಟ್ಟಿ ಇನ್ನೂ ಹಂಚಿನ ಮೇಲೆ. "ಒಲಿ ಹಚ್ಚಾಕ ಬರದವರು ಸಂಸಾರ ಹೆಂಗ ಮಾಡ್ತಾರ?" ಎಂದು ಅತ್ತೆ ಚುಚ್ಚುತ್ತಿದ್ದರು. ಒಂದು ದಿನ ಒಟ್ಟಿಲಿನ ಹಿಂದಿನಿಂದ ಎರಡು ತುಂಡು ಎಳೆದೆ. ಅಬ್ಬಾ, ಹೇಗೆ ಉರಿಯಿತು! ಹೊಗೆಯಿಲ್ಲ, ಚಟಪಟವಿಲ್ಲ, ಒಲೆಯ ತುಂಬ ಕೆಂಪು. ಆಮೇಲೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ದಿನವೂ ಎಳೆದೆ. ಮುಂದಿನ ಸಾಲು ಮುಟ್ಟಲಿಲ್ಲ. ಹಿಂದೆ ಖಾಲಿಯಾದಲ್ಲಿ ಹೊಸದಾಗಿ ಬಂದ ಹಸಿ ಜಾಲಿ ತುರುಕಿದೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ —

ನೀನು ಹೆತ್ತ ಮೇಲೆ ಮೊದಲ ಕೆಲವು ದಿನ ಮುಂದಿನ ಸಾಲಿನಲ್ಲಿ ಕಳೆದವು. ನಿನಗೆ ನೀರು ಹಾಕಿದ ಮೇಲೆ ನೀನು ಮಲಗುವ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವ ಕೆಲಸ ನನ್ನದು. ಅತ್ತೆಯ ಕಟ್ಟಳೆ ನೆನಪಿದೆಯಲ್ಲ? ಕಟ್ಟಿಗೆ ಹೊರಗೇ ಪೂರ್ತಿ ಕೆಂಡವಾಗಬೇಕು, ಹೊಗೆ ಸತ್ತ ಮೇಲೆಯೇ ಒಳಗೆ ತರಬೇಕು, ಬಾಗಿಲು ಒಂದಿಷ್ಟು ತೆರೆದಿರಬೇಕು.

ಆ ಸಾಲು ಮುಗಿದು ಹಿಂದಿನ ಹಸಿ ಕಟ್ಟಿಗೆ ಕೈಗೆ ಬಂದ ದಿನ ಜಡಿಮಳೆ. ನಿನ್ನ ಕೋಣೆಯ ಮಾಳಿಗೆಯ ಬೆಳಕಿಂಡಿಯನ್ನೂ ಮುಚ್ಚಿದ್ದರು. ಹಸಿ ಜಾಲಿ ಏನು ಮಾಡಿದರೂ ಕೆಂಡವಾಗಲೊಲ್ಲದು. ಪಡಸಾಲೆಯಿಂದ ಅತ್ತೆ, "ಲಗೂ ತಾರವಾ, ಬಾಣಂತಿಗೆ ಥಂಡಿ ಆಗ್ತೈತಿ," ಎಂದು ಕೂಗಿದರು. ಅರೆಬೆಂದ ಕೊಳ್ಳಿಗಳನ್ನೇ ಶೆಗಡಿಗೆ ಹಾಕಿ, ಹೊಗೆ ಕಾಣದಿರಲೆಂದು ಮೇಲೆ ಬೂದಿ ಮುಚ್ಚಿ, ನಿನ್ನ ಹೊರಸಿನ ಕೆಳಗೆ ಇಟ್ಟೆ. ವಾಸನೆ ಪಡಸಾಲೆಗೆ ಹೋದರೆ ಅತ್ತೆಗೆ ಗೊತ್ತಾಗುತ್ತದೆಂದು — ನಾಗವ್ವಾ, ಇದನ್ನು ಹೇಗೆ ಹೇಳಲಿ — ಹೊರಗೆ ಬರುವಾಗ ಕೋಣೆಯ ಬಾಗಿಲನ್ನೂ ಎಳೆದುಕೊಂಡೆ.

ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ಒಮ್ಮೆಲೇ ಅವರ ಕೈ ನಿಂತಿತು. "ಕೂಸಿನ ಉಸುರು ಕೇಳವಲ್ದು," ಅಂದರು. ಮುಚ್ಚಿದ ಬಾಗಿಲು, ಅಂಥ ಮಳೆ — ಅದರೊಳಗೆ ಒಂದು ಹಸುಗೂಸಿನ ಉಸಿರು ಇಲ್ಲದಿರುವುದು ಅವರಿಗೆ ಕೇಳಿಸಿತು! ಓಡಿದರು, ಬಾಗಿಲು ಒದ್ದರು, ಕೂಸನ್ನು ಬಗಲಿಗೆ ಎತ್ತಿಕೊಂಡು, ಎಚ್ಚರ ತಪ್ಪಿದ್ದ ನಿನ್ನನ್ನು ರಟ್ಟೆ ಹಿಡಿದು ಕಟ್ಟೆಗೆ ಎಳೆದು ತಂದರು. ಕೂಸು ಅರಿವೆಯ ಹಾಗೆ ಜೋತುಬಿದ್ದಿತ್ತು. ಅಂಗಳದ ಮಳೆಗೆ ಅದರ ಮುಖ ಒಡ್ಡಿ ಬೆನ್ನು ತಿಕ್ಕಿದರು, ತಿಕ್ಕಿದರು... ಅದು ಅತ್ತಿತು. ದೇವರನ್ನು ನಾನು ಕಂಡಿಲ್ಲ. ಆ ಅಳು ಕೇಳಿದ್ದೇನೆ.

ನಿನಗೆ ಎಚ್ಚರವಾದ ಮೇಲೆ ಅತ್ತೆ ಹಿತ್ತಲಿಗೆ ಹೋಗಿ ಒಟ್ಟಿಲು ಕೆಡವಿ, ಎರಡು ತುಂಡು ಬಡಿದರು. ಬಾಣಂತಿಯ ಕಟ್ಟಿಗೆಗೆ ಕೈ ಹಾಕುವವರೂ ಇರುತ್ತಾರೆಂಬ ಯೋಚನೆಯೇ ಅವರಿಗೆ ಬರಲಿಲ್ಲ. "ಒಟ್ಟಿಸುವಾಗ ಇದರ ಹಸಿ ನನಗ ಕೇಳಲಿಲ್ಲ ನೋಡು. ನನ್ನ ಕಿವಿ ಸತ್ತಾವು. ಕೈಯಾರೆ ಮಗಳನ್ನ ಕೊಲ್ಲಾಕ ಹೊಂಟಿದ್ದೆ," ಅಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ಅವರು ಕಟ್ಟಿಗೆ ಮುಟ್ಟಲಿಲ್ಲ. ಬಂಡಿ ಬಂದರೆ ಒಳಗೆ ಹೋಗಿ ಕುಳಿತುಬಿಡುವರು. ಕರೆಯಲು ಬಂದವರಿಗೆ, "ನಮ್ಮ ಸೊಸಿನ್ನ ಕರಕೊಂಡ ಹೋಗ್ರಿ," ಎನ್ನುವರು. ನಾನು ಹೋಗುತ್ತಿದ್ದೆ! ಜಾಣೆಯ ಹಾಗೆ ಎರಡು ತುಂಡು ಬಡಿದು, ತುದಿಯ ಬಿರುಕು ನೋಡಿ ಹೇಳಿ ಬರುತ್ತಿದ್ದೆ. ನನಗೆ ಇಂದಿಗೂ ಆ ಸದ್ದು ತಿಳಿಯುವುದಿಲ್ಲ.

ನಿನ್ನೆ ನೀನು ಉಪ್ಪಿನಬೆಟಗೇರಿಯಿಂದ ಬಂದು, ಈಗ ದೊಡ್ಡವಳಾಗಿ ಬಸುರಿಯಾಗಿರುವ ಅದೇ ಕೂಸಿನ ಚೊಚ್ಚಲ ಬಾಣಂತನಕ್ಕೆ, "ಕಟ್ಟಿಗಿ ನೀವ ಆರಿಸಿ ಕೊಡ್ರಿ ವೈನಿ," ಅಂದೆ. ನಿನ್ನ ಅವ್ವ ತಲೆ ತಗ್ಗಿಸಿ ಕುಳಿತಿದ್ದರು. ನೀನು ಹೋದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಇಂದು ಮುಂಜಾನೆ ಅವರ ಮುಂದೆ ಕುಳಿತು ಎಲ್ಲ ಹೇಳಿದೆ. ಕಟ್ಟಿಗೆ, ಬೂದಿ, ಬಾಗಿಲು. ಹೊಡೆಯಲಿ, ಮನೆ ಬಿಡಿಸಲಿ ಎಂದು ಕಾದೆ. ಅವರು ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದರು:

"ಅಂದ್ರ... ನಾ ಮಾಡಿದ್ದಲ್ಲ ಅದು?"

"ಅಲ್ರಿ ಅತ್ತೀ," ಅಂದೆ.

ಇಷ್ಟು ವರ್ಷ ಅವರಿಗೆ ಬೇಕಾಗಿದ್ದುದು ಅದೊಂದೇ ಮಾತು, ನಾಗವ್ವಾ. ಅದನ್ನು ನಾನು ಕೊಟ್ಟಿರಲಿಲ್ಲ.