ಎಡಬದಿಯ ಹುಂಜ

ತಿಂಗಳಿಗೊಂದು ಭಾನುವಾರ, ನಾನು ಇಗರ್ಜಿಯಿಂದ ಬಂದ ಮೇಲೆ, ಫಳ್ನೀರಿನ ನಮ್ಮ ಮನೆಯಿಂದ ಕಾರಿನಲ್ಲಿ ಹೊರಡುತ್ತಿದ್ದೆವು. ಸಣ್ಣ ಊರುಗಳ ರಸ್ತೆಬದಿಯಲ್ಲಿ ಯಾರೋ ಹಟ ಹಿಡಿದು ಕಟ್ಟಿದ ವಿಚಿತ್ರಗಳನ್ನು ಹುಡುಕುವುದು ನಮ್ಮ ಹುಚ್ಚು. ಮೂಲ್ಕಿ ಕಡೆ ಒಂದು ಮನೆಯ ತಾರಸಿ ಮೇಲೆ ವಿಮಾನದಂಥ ನೀರಿನ ಟ್ಯಾಂಕಿ, ಬೆಳ್ಮಣ್ ಹತ್ತಿರ ಹಳೆಯ ಬಸ್ಸಿನೊಳಗೆ ಕ್ಷೌರದಂಗಡಿ. ಮೊದಲು ಕಂಡವರಿಗೆ ಒಂದು ಅಂಕ, ಸೋತವರದ್ದು ಚಹಾ. ಅಂಕಗಳನ್ನು ತಾರೀಕು ಸಹಿತ ಬರೆದಿಡುವವಳು ನಾನು. ಗಂಡನ ಮನೆಮಾತು ತುಳು, ನನ್ನದು ಕೊಂಕಣಿ, ಜಗಳವೆಲ್ಲ ಕನ್ನಡದಲ್ಲಿ.

ದೀಪಾವಳಿಯ ನಂತರ ಅವನು ಒಮ್ಮೆಯೂ ಗೆದ್ದಿರಲಿಲ್ಲ. ಸುರತ್ಕಲ್ ಕಡೆಯ ಒಂದು ಕಂಪನಿಯ ನೌಕರರ ಬಸ್ಸು ಓಡಿಸುವವನು, ರಸ್ತೆ ನೋಡುವುದೇ ಕೆಲಸವಾದವನು, ನನ್ನೆದುರು ಸೋಲುತ್ತಿದ್ದ. ನನ್ನ ಖುಷಿಗೆ ಬೇಕೆಂದೇ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡು ಬೀಗುತ್ತಿದ್ದೆ.

ಫೆಬ್ರವರಿಯ ಪ್ರಯಾಣದಲ್ಲಿ, ಪಡುಬಿದ್ರಿ ತಿರುವಿನಲ್ಲಿ, ಎಡಗಡೆಯಿಂದ ಸ್ಕೂಟರೊಂದು ಬಂತು. ಅವನು ಬ್ರೇಕ್ ಹಾಕಲಿಲ್ಲ. ನಾನು ಕೂಗಿದ ಮೇಲೆ ಹಾಕಿದ. ನನ್ನ ಬದಿಯ ಕನ್ನಡಿ ಮಡಚಿಕೊಂಡಿತು. ಸ್ಕೂಟರಿನವನು ಕಣ್ಣು ಕಾಣುವುದಿಲ್ಲವೇ ಎಂದು ತುಳುವಿನಲ್ಲಿ ಬೈದು ಹೋದ.

"ಹೆಲ್ಮೆಟ್ ಇಲ್ಲ, ಬಾಯಿ ಮಾತ್ರ ಜೋರುಂಟು ಅವನಿಗೆ," ಎಂದು ಇವನು ನಕ್ಕ. ಗೇರಿನ ಮೇಲಿದ್ದ ಅವನ ಕೈ ಮುಟ್ಟಿದೆ. ಒದ್ದೆಯಾಗಿ ತಣ್ಣಗಿತ್ತು.

ಕಾರ್ಕಳದ ದಾರಿಯಲ್ಲಿ, ಕೋರಿ ರೊಟ್ಟಿಯ ಹೋಟೆಲೊಂದರ ಎದುರು, ಎರಡಾಳೆತ್ತರದ ಸಿಮೆಂಟಿನ ಹುಂಜ ಉಂಟೆಂದು ನಾನು ಕೆಲಸ ಮಾಡುವ ಶಾಲೆಯ ಟೀಚರೊಬ್ಬರು ಹೇಳಿದ್ದರು. ದೂರದಿಂದಲೇ ಅದರ ಕೆಂಪು ಜುಟ್ಟು ನನಗೆ ಕಂಡಿತು. ಸ್ಕೂಟರಿನ ಗಾಬರಿಯಲ್ಲಿದ್ದಾನೆ, ಇದೊಂದು ಅವನಿಗಿರಲಿ ಎಂದು ಸುಮ್ಮನಿದ್ದೆ. ಹುಂಜ ಹತ್ತಿರವಾಯಿತು. ನೆತ್ತಿ ಸುಡುವ ಬಿಸಿಲು, ಖಾಲಿ ರಸ್ತೆ; ಅಡ್ಡ ಒಂದು ಮರವೂ ಇಲ್ಲ. ಎಡಗಡೆ, ನನ್ನ ಕಿಟಕಿಯ ಪಕ್ಕದಲ್ಲೇ ಅದು ಹಾದುಹೋಯಿತು. ಅವನು ನೇರ ಮುಂದೆ ನೋಡುತ್ತಲೇ ಇದ್ದ.

"ಎಲ್ಲಿ ಮಾರಾಯ್ತಿ? ನಿನ್ನ ಹುಂಜ ಹಾರಿಹೋಯ್ತಾ?"

ತಮಾಷೆ ಇರಬಹುದೆಂದು ಅವನ ಮುಖ ನೋಡಿದೆ. ಅವನು ನಿಜಕ್ಕೂ ಹುಡುಕುತ್ತಿದ್ದ.

ಕಾರು ನಿಲ್ಲಿಸಲು ಹೇಳಿದೆ. ಕೂತಲ್ಲಿಂದಲೇ ಕೈ ಎತ್ತಿ ಹಿಡಿದು, "ಮುಂದೆಯೇ ನೋಡು. ನನ್ನ ಎಷ್ಟು ಬೆರಳು ಕಾಣ್ತದೆ?" ಎಂದೆ.

"ಕೈ ಎತ್ತು, ಹೇಳ್ತೇನೆ."

ಆಗಲೇ ಎತ್ತಿ ಹಿಡಿದಿದ್ದ ಕೈಯನ್ನು ನಿಧಾನವಾಗಿ ಅವನ ತೋಳಿನ ಮೇಲೆ ಇಳಿಸಿದೆ. ಅವನಿಗೆ ಅರ್ಥವಾಯಿತು. ಇಂಜಿನ್ ಆಫ್ ಮಾಡಿದ.

"ಬದಿ ಎಲ್ಲ ಮಬ್ಬು. ನಳಿಗೆಯಲ್ಲಿ ನೋಡಿದ ಹಾಗೆ," ಎಂದ. "ಡಾಕ್ಟರಿಗೆ ತೋರಿಸಿದ್ರೆ ಲೈಸೆನ್ಸ್ ಹೋಗ್ತದೆ. ಬಸ್ಸು ಬಿಟ್ಟು ನನಗೆ ಎಂತ ಗೊತ್ತುಂಟು?"

ಅವನ ತಾಯಿಯ ಅಣ್ಣನನ್ನು ನಮ್ಮ ಮದುವೆಯಲ್ಲಿ ನೋಡಿದ್ದೆ. ಊಟದ ತಟ್ಟೆಯನ್ನು ಯಾರೋ ಅವರ ಕೈಗೆ ಮುಟ್ಟಿಸಿ ಕೊಟ್ಟಿದ್ದರು. ನಲವತ್ತು ತುಂಬುವ ಮೊದಲೇ ಅವರಿಗೆ ದೃಷ್ಟಿ ಹೋಗಿತ್ತಂತೆ.

"ಮಾವನಿಗೂ ಹೀಗೆಯೇ ಶುರುವಾದದ್ದಾ?"

"ನಮ್ಮದು ಅಳಿಯಸಂತಾನ ಅಲ್ವಾ, ಮಾವನದ್ದೆಲ್ಲ ತಂಗಿಯ ಮಗನಿಗೆ," ಎಂದು ನಗಲು ನೋಡಿದ. "ಜಾಗ ಎಲ್ಲ ಕೋರ್ಟಲ್ಲಿ ಹೋಯ್ತು. ಇದೊಂದು ಸರಿಯಾಗಿ ಅಳಿಯನಿಗೆ ಬಂತು."

ನನಗೆ ನಗು ಬರಲಿಲ್ಲ. ಮರುದಿನ ನಸುಕಿನ ಪಾಳಿಗೆ ಅವನ ಬಸ್ಸು ಹೊರಡಬೇಕಿತ್ತು. ಹೆದ್ದಾರಿಯ ಪ್ರತಿ ನಿಲ್ದಾಣದಲ್ಲಿ ಜನ ಹತ್ತುವುದು ಎಡಗಡೆಯಿಂದ.

"ನಾಳೆ ಒಂದು ದಿನ ಓಡಿಸ್ತೇನೆ. ಮತ್ತೆ ತೋರಿಸುವ."

"ಬೇಡ."

"ಸೀದಾ ರಸ್ತೆ ಮಾರಾಯ್ತಿ, ಕಣ್ಣು ಮುಚ್ಚಿ—" ಎಂದವನು ಅಲ್ಲಿಗೇ ನಿಲ್ಲಿಸಿದ.

ಇಳಿದು ಸುತ್ತು ಹಾಕಿ ಅವನ ಬಾಗಿಲು ತೆರೆದು ನಿಂತೆ. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋಯಿತು. ಆಮೇಲೆ ಅವನು ಎಡಗಡೆಯ ಸೀಟಿಗೆ ಸರಿದು ಫೋನ್ ತೆಗೆದ; ಅವನ ಜಾಗದಲ್ಲಿ ನಾನು ಕೂತೆ. ನಾಳೆ ತನ್ನ ಬಸ್ಸಿಗೆ ಬೇರೆಯವರನ್ನು ಹಾಕಬೇಕೆಂದು ಸೂಪರ್‌ವೈಸರಿಗೆ ಹೇಳಿದ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದ. ನನ್ನ ಮುಖ ಸಿಗಲು ಅವನು ಪೂರ್ತಿ ತಲೆ ತಿರುಗಿಸಬೇಕಾಯಿತು.

"ಎಷ್ಟು ದಿನಕ್ಕೆ ಅಂತ ಕೇಳ್ತಿದ್ದಾರೆ. ಎಂತ ಹೇಳುದು?"