ಮಿಕ್ಸಿಂಗ್ ರೂಮಿನ ವಿಭೂತಿ

ಓಕಳಿಪುರಂನ ಮುನಿರಾಮಪ್ಪ ಸಮುದ್ರ ಕಂಡವನಲ್ಲ. ಆದರೆ ಸಬ್‌ಮರೀನಿನ ಮೈಗೆ ಅಂಟಿಸುವ ರಬ್ಬರ್ ಬಿಲ್ಲೆಗಳಿಗೆ ಪಾಕ ಕಲಸಿದ್ದು ಅವನ ಕೈ. ಶತ್ರುವಿನ ಹಡಗು ನೀರೊಳಗೆ ಸದ್ದು ಬಿಟ್ಟು ಹುಡುಕುತ್ತದಂತೆ; ಬಿಲ್ಲೆ ಆ ಸದ್ದನ್ನು ನುಂಗಿಬಿಡಬೇಕು, ವಾಪಸ್ ಕೊಡಬಾರದು. ತೊಂಬತ್ತರ ದಶಕದಲ್ಲಿ ವಿಜ್ಞಾನಿಗಳು ಅದಕ್ಕೆ ಹೊಸ ಹದ ಹುಡುಕುತ್ತಿದ್ದರು. ಹದ ಅವರದು, ಕಲಸುವ ಕೆಲಸ ಮಾತ್ರ ರೈಲ್ವೆ ಹಳಿ ಪಕ್ಕದ ಖಾಸಗಿ ಶೆಡ್ಡಿನದು.

ರಬ್ಬರಿಗೆ ಸುರಿಯುವ ಪುಡಿ ಬೆಳ್ಳಗೆ, ಹಗುರ. ಮೂಟೆ ಬಿಚ್ಚಿದರೆ ಎದುರಿಗಿದ್ದವನ ಮುಖ ಕಾಣುತ್ತಿರಲಿಲ್ಲ. ಮೂಟೆ ಮೇಲೆ ಬರೀ ನಂಬರು, ಹೆಸರು ಗುಟ್ಟು. ಜೊತೆಗಾರ ಮುರುಗೇಶ ಮೊದಲ ದಿನವೇ ಹಣೆಗೆ ಮೂರು ಪಟ್ಟೆ ಬಳಿದುಕೊಂಡು, "ನೋಡು ಗುರು, ವಿಭೂತಿ!" ಅಂದ. ಅವತ್ತಿಂದ ಅದು ವಿಭೂತಿಯೇ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಮುಗಿಯಿತು ರಕ್ಷಣೆ.

ಎರಡು ಸಾವಿರದ ಒಂದರ ಹೊತ್ತಿಗೆ ನೀರಿನ ಕೊಡ ಎತ್ತಿದರೂ ಮುನಿರಾಮಪ್ಪನಿಗೆ ಉಸಿರು ಹಿಡಿಯುತ್ತಿತ್ತು. ಅವನು ಕೇಳಿದ್ದು ಒಂದೇ: ಮಿಕ್ಸಿಂಗಿನಿಂದ ತೆಗೆದು ಸ್ಟೋರಿಗೆ ಹಾಕಿ. ಪುಡಿಯಿಂದಲೇ ಕಾಯಿಲೆ ಅಂತ ಕಂಪನಿ ಡಾಕ್ಟರು ಬರೆದುಕೊಟ್ಟರೆ ಹಾಕೋಣ ಎಂದರು ಮ್ಯಾನೇಜರ್ ರಾಮಾನುಜ. ಹೆಂಡತಿ ಶಕುಂತಲಮ್ಮ ಅವನನ್ನು ಮಲ್ಲೇಶ್ವರದಲ್ಲಿದ್ದ ಆ ಡಾಕ್ಟರ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

"ಏನ್ ಪುಡೀಪ್ಪಾ ಅದು?" ಎಂದರು ಡಾಕ್ಟರು.

"ವಿಭೂತಿ ಸಾರ್." ಅವನಿಗೆ ಬೇರೆ ಹೆಸರೇ ಗೊತ್ತಿರಲಿಲ್ಲ.

ಡಾಕ್ಟರು ನಕ್ಕರು. "ಮನೇಲಿ ಪೂಜೆ, ಧೂಪ ಜೋರಾ?"

ಶಕುಂತಲಮ್ಮ ರೇಗಿದಳು. "ನಮ್ಮನೇಲಿರೋದು ಬುದ್ಧ, ಬಾಬಾಸಾಹೇಬ್ರು. ವಿಭೂತಿ ನಮ್ಮ ಹೊಸ್ತಿಲು ದಾಟಿಲ್ಲ. ಇದು ಫ್ಯಾಕ್ಟ್ರಿದು ಸಾರ್!"

"ಫ್ಯಾಕ್ಟ್ರೀಲಿ ವಿಭೂತಿ ಮಾಡ್ತಾರೇನಮ್ಮಾ? ನಿಜವಾದ ಹೆಸ್ರು ತನ್ನಿ, ಆಮೇಲೆ ನೋಡೋಣ."

ಅಲ್ಲಿಯವರೆಗೆ ಅಂತ ಡಾಕ್ಟರು ಚೀಟಿಯಲ್ಲಿ ಬರೆದ ಕಾರಣ: ಮನೆಯ ಬೂದಿ, ಹೊಗೆ.

ಹೆಸರು ಕೇಳಲು ಹೋದರೆ ರಾಮಾನುಜ ಎದ್ದು ಬಾಗಿಲು ಹಾಕಿಕೊಂಡರು. "ನೌಕಾಪಡೆ ಗುಟ್ಟು ಕಣಯ್ಯಾ. ಬಾಯಿ ಬಿಟ್ರೆ ಇಬ್ರೂ ಒಳಗೆ."

"ನನ್ನೆದೆ ತುಂಬಾ ಅದೇ ಕೂತಿದೆಯಲ್ಲ ಸಾರ್, ನಂಗೂ ಹೇಳ್ಬಾರ್ದಾ?"

"ಮನೆ ಕಾಯಿಲೆ ಅಂತ ಡಾಕ್ಟ್ರೇ ಬರ್ದಿದಾರೆ. ನಾನೇನ್ ಮಾಡ್ಲಿ?"

ಗೇಟಿನ ಮುಂದೆ ಧರಣಿ ಕೂರೋಣ ಎಂದು ಮುರುಗೇಶ ಹತ್ತಾರು ಜನರನ್ನು ಕೇಳಿದ. ದೇಶದ್ರೋಹ ಅಂತ ಹಿಡಿದುಹಾಕುತ್ತಾರೆ ಎಂಬ ಮಾತು ಅಷ್ಟರಲ್ಲಿ ಶೆಡ್ಡೆಲ್ಲ ಹಬ್ಬಿತ್ತು. ಒಬ್ಬನೂ ಬರಲಿಲ್ಲ.

ಆ ವರ್ಷವೇ ಬಿಲ್ಲೆ ಪರೀಕ್ಷೆಯಲ್ಲಿ ಪಾಸಾಯಿತು. ಎಲ್ಲರಿಗೂ ಮೈಸೂರುಪಾಕು ಹಂಚಿದರು. ಆರ್ಡರು ಹೆಚ್ಚಿತು, ಮೂಟೆಗಳೂ ಹೆಚ್ಚಿದವು. ನಿಲ್ಲಲಾಗದ ಮುನಿರಾಮಪ್ಪ ಕೂತುಕೊಂಡು ಮೂಟೆ ಬಿಚ್ಚತೊಡಗಿದ. ಕೂತವನ ಮುಖಕ್ಕೆ ಪುಡಿ ಇನ್ನೂ ನೇರ ಹೊಡೆಯಿತು.

ಒಂದು ಮಧ್ಯಾಹ್ನ ಅವನು ಮುದ್ದೆಯ ತುತ್ತನ್ನು ತಟ್ಟೆಗೇ ವಾಪಸ್ ಹಾಕಿದ.

"ತಿನ್ನೋ ಮಗಾ," ಅಂದ ಮುರುಗೇಶ.

"ಎರಡೂ ಒಟ್ಟಿಗೆ ಆಗಲ್ಲ ಕಣೋ. ತಿನ್ಲಾ, ಉಸ್ರಾಡ್ಲಾ? ಒಂದು ಹೇಳು."

ಊಟ ಮುಗಿದ ಬೆಲ್ಲು ಹೊಡೆಯಿತು. ರಾಮಾನುಜ ಇನ್ನೊಂದು ಮೂಟೆ ಒಳಕ್ಕೆ ಕಳಿಸಿದರು.